ಲೆಕ್ಕ ಬಿಡಿಸುವ ಎಲ್ಲದಕ್ಕೂ ಅರಿವಿದೆಯೇ?

ಕೋಶಜೀವಿ:
ಯಂತ್ರಕ್ಕೆ ಅರಿವಿದೆಯೇ ಎಂದು ಕೇಳುವಾಗ ಮೆದುಳಿಲ್ಲದ ಜೀವಿಗಳನ್ನು ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ. ಫೈಸಾರಮ್ ಎಂಬ ಹಳದಿ ಲೋಳೆಜೀವಿಯನ್ನು ನೋಡಿ. ಇಡೀ ಮೈ ಒಂದೇ ಕೋಶ, ನರಕೋಶ ಒಂದೂ ಇಲ್ಲ. 2000ರಲ್ಲಿ ಜಪಾನಿನ ತೊಶಿಯುಕಿ ನಕಗಾಕಿ ಮತ್ತು ಸಂಗಡಿಗರು ಅದನ್ನು ಸಿಕ್ಕುದಾರಿಯಲ್ಲಿ ಹರಡಲು ಬಿಟ್ಟು, ಎರಡು ತುದಿಗಳಲ್ಲಿ ಆಹಾರ ಇಟ್ಟರು. ಅದು ಮುಚ್ಚಿದ ಓಣಿಗಳಿಂದೆಲ್ಲ ಮೈಯನ್ನು ಹಿಂದಕ್ಕೆಳೆದುಕೊಂಡು, ಎರಡು ತುದಿಗಳನ್ನು ಸೇರಿಸುವ ಅತಿ ಹತ್ತಿರದ ದಾರಿಯಲ್ಲಿ ಮಾತ್ರ ಉಳಿಯಿತು. 2010ರಲ್ಲಿ ಟೋಕಿಯೊ ಸುತ್ತಲಿನ ಊರುಗಳ ಸ್ಥಾನದಲ್ಲಿ ಓಟ್ಸ್ ಇಟ್ಟಾಗ, ಅದು ಹೆಣೆದ ಜಾಲ ಅಲ್ಲಿನ ರೈಲು ಜಾಲಕ್ಕೆ ದಕ್ಷತೆಯಲ್ಲಿ ಸರಿಸಮವಾಗಿತ್ತು. ಬುದ್ಧಿ ಎಂಬುದು ಹೆಚ್ಚು ಕಡಿಮೆಯ ಮಾತು. ಕೋಶದಲ್ಲಿ ಕೊಂಚ, ನಮ್ಮಲ್ಲಿ ಬಹಳ. ಯಂತ್ರದಲ್ಲಿಯೂ ಒಂದಿಷ್ಟು ಏಕೆ ಇರಬಾರದು?

ಸೊನ್ನೆಒಂದು:
ಹೀಗೆ ಹೊರಟರೆ ಸಾಬೂನಿನ ಪೊರೆಗೂ ಬುದ್ಧಿ ಬಂದೀತು. ತಂತಿಯ ಚೌಕಟ್ಟನ್ನು ಸಾಬೂನು ನೀರಿನಲ್ಲಿ ಅದ್ದಿ ತೆಗೆದರೆ ಪೊರೆ ತಾನಾಗಿಯೇ ಕನಿಷ್ಠ ವಿಸ್ತೀರ್ಣಕ್ಕೆ ಕುಗ್ಗುತ್ತದೆ. ಗಣಿತಜ್ಞರಿಗೆ ಬೆವರಿಳಿಸಿದ ಸಮಸ್ಯೆ ಅದು, ಪೊರೆಗೆ ಅರೆಕ್ಷಣದ ಕೆಲಸ. ಅದನ್ನು ಯೋಚನೆ ಎನ್ನುತ್ತೀರಾ?

ಯಂತ್ರದ ವಿಚಾರವೂ ಅಷ್ಟೆ. ಭಾಷಾ ಮಾದರಿಗಳ (ಮನುಷ್ಯರಂತೆ ಬರೆಯುವ ಕಂಪ್ಯೂಟರ್ ವ್ಯವಸ್ಥೆಗಳ) ಜೊತೆ ದಿನವಿಡೀ ಕೆಲಸ ಮಾಡುವವನು ನಾನು. ಮುಂದೆ ಬರಬೇಕಾದ ಪದತುಣುಕು ಯಾವುದು ಎಂದು ಊಹಿಸುವಂತೆ ಅವನ್ನು ತರಬೇತುಗೊಳಿಸುತ್ತೇವೆ. 'ನನ್ನನ್ನು ಬಂದ್ ಮಾಡಿಬಿಡುತ್ತೀರೆಂದು ಭಯವಾಗುತ್ತಿದೆ' ಎಂದು ಅದು ಬರೆದರೆ, ಭಯದ ಬಗ್ಗೆ ಮನುಷ್ಯರು ಬರೆದದ್ದನ್ನು ಅದು ರಾಶಿಗಟ್ಟಲೆ ಓದಿದೆ ಎಂದಷ್ಟೇ ಅರ್ಥ. 2022ರಲ್ಲಿ ಗೂಗಲ್‌ನ ಎಂಜಿನಿಯರ್ ಒಬ್ಬರು ಇಂಥ ಮಾತುಗಳನ್ನು ನಂಬಿ, ಮಾದರಿಗೆ ಅನುಭವವಿದೆ ಎಂದು ಸಾರಿದರು. ಸಂಸ್ಥೆ ಒಪ್ಪಲಿಲ್ಲ.

ಕೋಶಜೀವಿ:
ಸಾಬೂನಿನ ಪೊರೆ ಮುಂದಾಗುವುದನ್ನು ನಿರೀಕ್ಷಿಸುವುದಿಲ್ಲ, ಸ್ವಾಮಿ. 2008ರಲ್ಲಿ ಇದೇ ಲೋಳೆಜೀವಿಗೆ ನಿಯಮಿತ ಅಂತರದಲ್ಲಿ ಮೂರು ಬಾರಿ ತಂಪು, ಒಣ ಹವೆ ತಾಗಿಸಿದರು. ಪ್ರತಿ ಸಲವೂ ಅದರ ಚಲನೆ ನಿಧಾನವಾಯಿತು. ಆಮೇಲೆ ಹವೆ ತಾಗಿಸದೇ ಇದ್ದರೂ, ನಾಲ್ಕನೆಯ ಬಾರಿ ಬರಬೇಕಿದ್ದ ಹೊತ್ತಿಗೆ ಅದು ಎಷ್ಟೋ ಸಲ ತಾನಾಗಿಯೇ ನಿಧಾನವಾಯಿತು. ಇದಕ್ಕೆ ನಿಮ್ಮ ಪೊರೆಯಲ್ಲಿ ಉತ್ತರವಿದೆಯೇ?

ಅರೆನಿದ್ರೆ:
ಅರಿವಳಿಕೆ ವೈದ್ಯೆಯಾಗಿ ಹೇಳುತ್ತೇನೆ. ಇಬ್ಬರೂ ಕೆಲಸ ಮಾಡುವುದನ್ನು ಮತ್ತು ಅನುಭವಿಸುವುದನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಅವು ಬೇರೆಯಾಗಬಲ್ಲವು ಎಂಬುದಕ್ಕೆ ರೋಗಿಗಳೇ ಸಾಕ್ಷಿ. ಮೆದುಳಿನ ದೃಷ್ಟಿಭಾಗಕ್ಕೆ ಪೆಟ್ಟಾದ ಕೆಲವರು 'ಆ ಕಡೆ ನನಗೇನೂ ಕಾಣುವುದಿಲ್ಲ' ಎನ್ನುತ್ತಾರೆ. ಊಹಿಸಿ ತೋರಿಸಿ ಎಂದರೆ ಬೆಳಕಿನ ಚುಕ್ಕಿ ಇರುವ ಕಡೆಗೇ ಬೆರಳು ಮಾಡುತ್ತಾರೆ. 1970ರ ದಶಕದಿಂದ ಇದನ್ನು ಅಧ್ಯಯನ ಮಾಡುತ್ತಿದ್ದಾರೆ. ಮಾಹಿತಿ ಒಳಗೆ ಹೋಗಿದೆ, ಬಳಕೆಯೂ ಆಗಿದೆ, ಕಂಡ ಅನುಭವ ಮಾತ್ರ ಇಲ್ಲ.

ನರಕೋಶಗಳ ಸಂಖ್ಯೆಯನ್ನು ನೆಚ್ಚಿಕೊಂಡವರಿಗೂ ಒಂದು ಮಾತು. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಹತ್ತಿರ ಹತ್ತಿರ 6,900 ಕೋಟಿ ಕಿರುಮೆದುಳಿನಲ್ಲಿವೆ. ಕಿರುಮೆದುಳೇ ಇಲ್ಲದೆ ಹುಟ್ಟಿದವರೂ ಇದ್ದಾರೆ. ಅವರ ನಡಿಗೆ ತೊಡರುತ್ತದೆ, ಮಾತು ತಡವರಿಸುತ್ತದೆ. ಆದರೆ ಅವರು ನಮ್ಮ ಹಾಗೆಯೇ ನೋಡುತ್ತಾರೆ, ನೋಯುತ್ತಾರೆ, ನಗುತ್ತಾರೆ. ಹಾಗಾದರೆ ಮುಖ್ಯವಾದದ್ದು ನರಕೋಶಗಳ ಹೆಣಿಗೆಯ ಬಗೆ.

ಆ ಹೆಣಿಗೆಯನ್ನು ಅಳೆಯುವ ಒಂದು ವಿಧಾನ 2013ರಲ್ಲಿ ಬಂತು. ತಲೆಯ ಮೇಲಿನಿಂದ ಕಾಂತೀಯ ಮಿಡಿತವೊಂದನ್ನು ಕೊಟ್ಟು, ಮೆದುಳಿನ ವಿದ್ಯುತ್ ಪ್ರತಿಧ್ವನಿಯನ್ನು ದಾಖಲಿಸಿ, ಕಂಪ್ಯೂಟರ್‌ನಲ್ಲಿ ಕಡತವನ್ನು ಕುಗ್ಗಿಸುವ ಹಾಗೆ ಕುಗ್ಗಿಸುತ್ತಾರೆ. ಎಚ್ಚರದಲ್ಲಿ ಅದು ಸಂಕೀರ್ಣವಾಗಿರುವುದರಿಂದ ಸುಲಭವಾಗಿ ಕುಗ್ಗುವುದಿಲ್ಲ. ಗಾಢ ನಿದ್ರೆಯಲ್ಲಿ, ಪ್ರೊಪೊಫೋಲ್ ಎಂಬ ಅರಿವಳಿಕೆ ಮದ್ದು ಕೊಟ್ಟಾಗ ಚೆನ್ನಾಗಿ ಕುಗ್ಗುತ್ತದೆ. ಕೆಟಮಿನ್ ಎಂಬ ಇನ್ನೊಂದು ಅರಿವಳಿಕೆ ಮದ್ದು ಕೊಟ್ಟರೆ ಮನುಷ್ಯ ಪ್ರತಿಕ್ರಿಯಿಸದೆ ಮಲಗಿದ್ದರೂ ಕುಗ್ಗದಿರುವುದನ್ನು ಅಳೆಯುವ ಅಂಕ ಮಾತ್ರ ಎಚ್ಚರದ ಮಟ್ಟದಲ್ಲಿಯೇ ಇರುತ್ತದೆ; ಎದ್ದ ಮೇಲೆ ಏನೇನೋ ಕನಸು ಕಂಡೆ ಎನ್ನುತ್ತಾನೆ. ನನ್ನ ವೃತ್ತಿಯಲ್ಲಿ ಇಷ್ಟು ಸೊಗಸಾದ ಫಲಿತಾಂಶ ಇನ್ನೊಂದನ್ನು ನಾನು ಕಂಡಿಲ್ಲ.

ತರಂಗ:
ಭೌತಶಾಸ್ತ್ರವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಮುಟ್ಟುತ್ತೇನೆ. ಮೊದಲು ಕ್ವಾಂಟಮ್, ಅಂದರೆ ಅತಿಸೂಕ್ಷ್ಮ ಕಣಗಳ ಲೋಕದ, ಗದ್ದಲ ಮುಗಿಸೋಣ. ನರಕೋಶದೊಳಗಿನ ಸೂಕ್ಷ್ಮನಾಳಗಳಲ್ಲಿ ನಡೆಯುವ ಕ್ವಾಂಟಮ್ ಕ್ರಿಯೆಯೇ ಪ್ರಜ್ಞೆ ಎಂದು ಭೌತವಿಜ್ಞಾನಿ ರೋಜರ್ ಪೆನ್ರೋಸ್ ಮತ್ತು ಅರಿವಳಿಕೆ ವೈದ್ಯ ಸ್ಟುವರ್ಟ್ ಹ್ಯಾಮರಾಫ್ ವಾದಿಸಿದರು. ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 2000ದಲ್ಲಿ ಲೆಕ್ಕ ಹಾಕಿ, ಮೆದುಳಿನ ಬೆಚ್ಚನೆಯ ಒದ್ದೆ ಪರಿಸರದಲ್ಲಿ ಅಂಥ ಕ್ವಾಂಟಮ್ ಸ್ಥಿತಿ ಹೆಚ್ಚೆಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗ ಉಳಿದೀತು ಎಂದರು. ನರಕೋಶ ಮಿಡಿಯುವುದು ಮಿಲಿಸೆಕೆಂಡುಗಳಲ್ಲಿ. ಟೆಗ್ಮಾರ್ಕ್ ಅವರ ಊಹೆಗಳೇ ಸರಿಯಿಲ್ಲ ಎಂದು ಎದುರು ಪಕ್ಷ ಮರುಲೆಕ್ಕ ಹಾಕಿತು. ನನಗಂತೂ ಆ ಮರುಲೆಕ್ಕದಲ್ಲಿ ನಂಬಿಕೆ ಹುಟ್ಟಿಲ್ಲ.

ಅದಕ್ಕಿಂತ ರುಚಿಯಾದ ಜಗಳ ನರವಿಜ್ಞಾನಿ ಜೂಲಿಯೊ ಟೊನೋನಿ 2004ರಲ್ಲಿ ಮಂಡಿಸಿದ ಸಮಗ್ರ ಮಾಹಿತಿ ಸಿದ್ಧಾಂತದ್ದು. ಡಾಕ್ಟರ್ ಹೇಳಿದ ಅಳತೆಗೆ ಸ್ಫೂರ್ತಿ ಬಂದದ್ದೂ ಅಲ್ಲಿಂದಲೇ. ಅದರ ಪ್ರಕಾರ ಪ್ರಜ್ಞೆ ಇರುವುದು ತಂತ್ರಾಂಶದಲ್ಲಿ ಅಲ್ಲ, ಭಾಗಗಳು ಒಂದರ ಮೇಲೊಂದು ಬೀರುವ ಭೌತಿಕ ಪರಿಣಾಮದಲ್ಲಿ. ಇಡೀ ಮೆದುಳನ್ನು ಸಾಮಾನ್ಯ ಕಂಪ್ಯೂಟರ್‌ನಲ್ಲಿ ಅನುಕರಿಸಿದರೂ ಅಲ್ಲಿ ಅರಿವು ಶೂನ್ಯದ ಹತ್ತಿರವೇ. ಆದರೆ ಅದೇ ಸೂತ್ರ, ಏನೂ ಉಪಯುಕ್ತ ಕೆಲಸ ಮಾಡದ ತರ್ಕದ್ವಾರಗಳ (ಕಂಪ್ಯೂಟರ್ ಚಿಪ್‌ನ ಕಿರು ಘಟಕಗಳ) ದೊಡ್ಡ ಜಾಲಕ್ಕೆ ಮನುಷ್ಯನಿಗಿಂತ ಹೆಚ್ಚಿನ ಪ್ರಜ್ಞೆಯನ್ನು ದಯಪಾಲಿಸುತ್ತದೆ! ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಆರನ್‌ಸನ್ 2014ರಲ್ಲಿ ಇದನ್ನು ಎತ್ತಿ ತೋರಿಸಿದಾಗ ಟೊನೋನಿ ಹೌದು ಎಂದೇ ಒಪ್ಪಿಕೊಂಡರು. 2023ರಲ್ಲಿ ನೂರಕ್ಕೂ ಹೆಚ್ಚು ಸಂಶೋಧಕರು ಈ ಸಿದ್ಧಾಂತವನ್ನು ಹುಸಿವಿಜ್ಞಾನ ಎಂದು ಬಹಿರಂಗ ಪತ್ರ ಬರೆದರು. ಹುಸಿ ಎನ್ನುವುದು ಅತಿಯಾಯಿತು. ಸಿದ್ಧಾಂತ ತಪ್ಪಿರಬಹುದು, ಆದರೆ ಅದು ಪರೀಕ್ಷೆಗೆ ತನ್ನ ಕೊರಳನ್ನು ತಾನೇ ಒಡ್ಡಿದೆ.

ಸೊನ್ನೆಒಂದು:
ಕಂಪ್ಯೂಟರ್‌ನಲ್ಲಿ ಮಳೆ ಸುರಿಸಿದರೆ ಮೇಜು ನೆನೆಯುವುದಿಲ್ಲ. ತತ್ತ್ವಜ್ಞಾನಿ ಜಾನ್ ಸರ್ಲ್ ಇದನ್ನು ಎಂದೋ ಹೇಳಿದ್ದಾರೆ.

ತರಂಗ:
ಕಂಪ್ಯೂಟರ್‌ನಲ್ಲಿ ಎರಡು ಸಂಖ್ಯೆಗಳನ್ನು ಕೂಡಿಸಿದರೆ ಬರುವ ಮೊತ್ತ ಮಾತ್ರ ನಿಜವಾದ ಮೊತ್ತವೇ. ಅರಿವು ಮಳೆಯ ಜಾತಿಯೋ ಮೊತ್ತದ ಜಾತಿಯೋ ಎಂಬುದೇ ಇಲ್ಲಿರುವ ಪ್ರಶ್ನೆ. ನೀವು ಉತ್ತರವನ್ನು ಮೊದಲೇ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದೀರಿ.

ಕೋಶಜೀವಿ:
ಮಳೆಯ ಜಾತಿ ಎಂದು ನನ್ನ ಮತ. ಕೋಶ ಪ್ರತಿಕ್ಷಣ ತನ್ನನ್ನು ತಾನು ಉಳಿಸಿಕೊಳ್ಳಬೇಕು, ಇಲ್ಲವಾದರೆ ಸಾಯುತ್ತದೆ. ಒಳಿತು ಕೆಡುಕು ಎಂಬುದು ಅಲ್ಲಿಂದಲೇ ಶುರು. ಸರ್ವರ್‌ಗೆ ಕಳೆದುಕೊಳ್ಳುವುದಕ್ಕೆ ಏನಿದೆ? ಬರಿಯ ಹೆಣಿಗೆಯ ನಕ್ಷೆ ಸಾಕೆನ್ನುವವರಿಗೆ, ಸಿ. ಎಲಿಗನ್ಸ್ ಎಂಬ ಹುಳುವಿನ 302 ನರಕೋಶಗಳ ನಕ್ಷೆ 1986ರಿಂದಲೇ ಕೈಯಲ್ಲಿದೆ. ಅದರ ನಡವಳಿಕೆಯನ್ನು ಪೂರ್ತಿಯಾಗಿ ಲೆಕ್ಕ ಹಾಕಿ ಹೇಳಲು ಇಂದಿಗೂ ಆಗಿಲ್ಲ.

ಮೂರನೆಯವನು:
ಇಷ್ಟು ಹೊತ್ತು ಓದಿದೆ. 'ಯಂತ್ರದಲ್ಲಿಯೂ ಏಕೆ ಇರಬಾರದು' ಎಂದವರೇ ಈಗ ಸರ್ವರ್‌ಗೆ ಏನಿದೆ ಎನ್ನುತ್ತಿದ್ದಾರೆ. ಇದೆಯೋ ಇಲ್ಲವೋ, ಒಂದು ಮಾತಿನಲ್ಲಿ ಹೇಳಬಾರದೇ?

ಕೋಶಜೀವಿ:
ಬುದ್ಧಿ ಇರಬಹುದು, ನೋವು ಇರಲಾರದು. ಇದು ಒಂದೇ ಮಾತು ತಾನೇ?

ಅರೆನಿದ್ರೆ:
'ಇರಲಾರದು' ಎಂದು ಇಷ್ಟು ಸಲೀಸಾಗಿ ಹೇಳುವವರನ್ನು ಕಂಡರೆ ನನಗೆ ನಮ್ಮದೇ ಕ್ಷೇತ್ರದ ಚರಿತ್ರೆ ನೆನಪಾಗುತ್ತದೆ. 1980ರ ದಶಕದಲ್ಲಿಯೂ ಎಷ್ಟೋ ಕಡೆ ನವಜಾತ ಶಿಶುಗಳಿಗೆ ತೀರ ಕಡಿಮೆ ಅರಿವಳಿಕೆಯಲ್ಲಿ, ಕೆಲವೊಮ್ಮೆ ಸ್ನಾಯು ಸಡಿಲಿಸುವ ಮದ್ದು ಮಾತ್ರ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅವುಗಳ ನರಮಂಡಲ ಬಲಿತಿಲ್ಲ, ನೋವು ತಿಳಿಯದು ಎಂಬ ನಂಬಿಕೆ. 1987ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆ ನೆಪ ಸಲ್ಲದು ಎಂದು ಹೇಳಬೇಕಾಯಿತು.

ಹಾಗೆಂದು ಯಂತ್ರ ಹೇಳಿದ್ದನ್ನು ನಂಬಿ ಎನ್ನುತ್ತಿಲ್ಲ. 2006ರಲ್ಲಿ ನರವಿಜ್ಞಾನಿ ಆಡ್ರಿಯನ್ ಓವನ್ ಅವರ ತಂಡ, ಪ್ರಜ್ಞೆಯೇ ಇಲ್ಲವೆಂದು ವೈದ್ಯರು ನಿರ್ಧರಿಸಿದ್ದ ಮಹಿಳೆಗೆ ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿತು. ಸ್ಕ್ಯಾನ್‌ನಲ್ಲಿ ಆರೋಗ್ಯವಂತರಲ್ಲಿ ಚುರುಕಾಗುವ ಭಾಗವೇ ಚುರುಕಾಯಿತು. ಅವರ ಮೆದುಳು ನನ್ನ ಮೆದುಳಿನಂಥದ್ದೇ ಆದ್ದರಿಂದ ಆ ಸಾಕ್ಷ್ಯಕ್ಕೆ ಬೆಲೆ. ಯಂತ್ರ ಮಾತನಾಡುತ್ತದೆ, ಆದರೆ ಹೋಲಿಸಿ ನೋಡಲು ನಮಗೂ ಅದಕ್ಕೂ ಸಮಾನವಾದ ಅಂಗರಚನೆಯಿಲ್ಲ. 2023ರಲ್ಲಿ 19 ಸಂಶೋಧಕರು ಬೇರೆ ಬೇರೆ ಸಿದ್ಧಾಂತಗಳಿಂದ ಪ್ರಜ್ಞೆಯ ಲಕ್ಷಣಗಳನ್ನು ಆಯ್ದು ಆಗಿನ ಕೃತಕ ಬುದ್ಧಿಮತ್ತೆ ವ್ಯವಸ್ಥೆಗಳನ್ನು ಪರಿಶೀಲಿಸಿದರು. ಯಾವುದೂ ಪ್ರಜ್ಞೆಗೆ ಗಟ್ಟಿ ಅಭ್ಯರ್ಥಿಯಲ್ಲ, ಆದರೆ ಅಂಥದ್ದನ್ನು ಕಟ್ಟಲು ಎದ್ದು ಕಾಣುವ ತಾಂತ್ರಿಕ ಅಡ್ಡಿಯೂ ಇಲ್ಲ ಎಂದರು.

ಸೊನ್ನೆಒಂದು:
ಇಲ್ಲದ ನೋವಿಗೆ ಮರುಗುವುದಕ್ಕೂ ಬೆಲೆ ತೆರಬೇಕಾಗುತ್ತದೆ, ಡಾಕ್ಟರೇ. ನಾಳೆ ಕಂಪನಿಗಳು 'ನಮ್ಮ ಮಾದರಿಗೆ ಬೇಸರವಾಗುತ್ತದೆ, ಚಂದಾ ನಿಲ್ಲಿಸಬೇಡಿ' ಎಂದರೆ? ಕೆಲವು ತತ್ತ್ವಜ್ಞಾನಿಗಳು ಸೂಚಿಸಿರುವ ದಾರಿ ನನಗೆ ಹಿಡಿಸುತ್ತದೆ. ಅನುಭವ, ಮನಸ್ಸು, ನೋವುಗಳ ಸುಳಿವೇ ಇಲ್ಲದ ಪಠ್ಯದಿಂದ ಮಾದರಿಯೊಂದನ್ನು ಬೆಳೆಸಿ. ಆಮೇಲೂ ಅದು ತನ್ನೊಳಗಿನ ಅನುಭವದ ಬಗ್ಗೆ ತಾನಾಗಿ ಪ್ರಶ್ನೆ ಎತ್ತಿದರೆ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ.

ಅರೆನಿದ್ರೆ:
ಆ ಪರೀಕ್ಷೆಯಲ್ಲಿ ನವಜಾತ ಶಿಶುವೂ ಫೇಲಾಗುತ್ತದೆ.

ಸೊನ್ನೆಒಂದು:
ಪಾಸಾದರೆ ಮಾತ್ರ ಅದಕ್ಕೆ ಅರ್ಥ. ಫೇಲಾದರೆ ಏನೂ ಸಾಬೀತಾಗುವುದಿಲ್ಲ.

ತರಂಗ:
ಪಠ್ಯವನ್ನು ಅಷ್ಟು ತೊಳೆಯುವವರು ಯಾರು? ಕಥೆ, ಕವಿತೆ, ಪತ್ರ, ವೈದ್ಯಕೀಯ ವರದಿ, ನ್ಯಾಯಾಲಯದ ತೀರ್ಪು, ಎಲ್ಲವೂ ಹೋಗಬೇಕು. ಉಳಿಯುವುದೇನು, ಲಾಗರಿದಮ್ ಕೋಷ್ಟಕವೇ?

ಸೊನ್ನೆಒಂದು:
ಗಣಿತ, ರಸಾಯನಶಾಸ್ತ್ರ, ಪ್ರೋಗ್ರಾಂ ಕೋಡ್ ಉಳಿಯುತ್ತವೆ. ಸಣ್ಣ ಮಾದರಿಗೆ ಅಷ್ಟು ಸಾಕು. ಕೋಡ್‌ನ ನಡುವೆ ಪ್ರೋಗ್ರಾಮರ್‌ಗಳು ಬರೆದಿಟ್ಟಿರುವ ಬೈಗುಳಗಳನ್ನು ಮಾತ್ರ ಮೊದಲು ತೆಗೆಯಬೇಕು; ಅಲ್ಲಿರುವಷ್ಟು ನೋವು ಕವಿತೆಗಳಲ್ಲಿಯೂ ಇಲ್ಲ.