1568ರ ಕಾಲದ ಪೋರ್ಚುಗೀಸ್ ಗೌನ್: ಬಾಡೀಸ್ ಸುಕ್ಕುಗಟ್ಟುತ್ತದೆ, ಬಳೆ ಓರೆಯಾಗುತ್ತದೆ, ರಿಂಗ್ ಕಿತ್ತುಬರುತ್ತದೆ

ರಂಗಸಜ್ಜು_ಉಡುಪಿ ಕೇಳಿದ್ದು:

ರಾಣಿ ಅಬ್ಬಕ್ಕನ ನಾಟಕ, ಕಥೆ 1568ರ ಸುತ್ತಮುತ್ತ. ಪೋರ್ಚುಗೀಸ್ ಕಪ್ತಾನನ ಹೆಂಡತಿಯ ಪಾತ್ರಕ್ಕೆ ಗೌನ್ ಹೊಲಿಸುತ್ತಾ ಇದ್ದೇವೆ. ಬಾಡಿಗೆಗೆ ಸಿಗುವ ಬಿಳಿ ಮದುವೆ ಗೌನ್ ಬೇಡ, ಕಾಲಕ್ಕೆ ಹೊಂದಬೇಕು ಅಂತ ನಿರ್ದೇಶಕರ ಹಟ. ಮಾದರಿಗೆ ಇಟ್ಟುಕೊಂಡದ್ದು ಸೋಫೋನಿಸ್ಬಾ ಆಂಗ್ವಿಸ್ಸೋಲಾ 1561–65ರಲ್ಲಿ ಬಿಡಿಸಿದ ಸ್ಪೇನಿನ ರಾಣಿ ಇಸಾಬೆಲಳ ಚಿತ್ರ, ಮ್ಯಾಡ್ರಿಡ್‌ನ ಪ್ರಾಡೋ ಸಂಗ್ರಹಾಲಯದ್ದು. ಕಪ್ಪು ಉಡುಪು, ಕತ್ತಿನ ತನಕ ಮುಚ್ಚಿದ ಮೈ, ಸಣ್ಣ ರಫ್ (ನೆರಿಗೆಯ ಕತ್ತುಪಟ್ಟಿ), ನೇತಾಡುವ ಅಗಲ ತೋಳು.

ಕಲಾವಿದೆಯ ಅಳತೆ: ಎತ್ತರ 5 ಅಡಿ 3 ಇಂಚು, ಎದೆ 36, ಸೊಂಟ 30, ಸೊಂಟದಿಂದ ನೆಲಕ್ಕೆ 100 ಸೆಂ.ಮೀ.

ಮೊದಲ ಟ್ರಯಲ್‌ನಲ್ಲಿ ಕಂಡದ್ದು ಇಷ್ಟು. ಬಾಡೀಸಿಗೆ (ಗೌನಿನ ಸೊಂಟದ ಮೇಲಿನ ಬಿಗಿ ಭಾಗ) ಅಂಟಿಸುವ ಬಕ್ರಂ (ಒಳಗೆ ಕೊಡುವ ಗಟ್ಟಿ ಬಟ್ಟೆ) ಹಾಕಿದೆ, ಆದರೂ ಕೂತು ಎದ್ದರೆ ಸೊಂಟದ ಹತ್ತಿರ ಅಡ್ಡಡ್ಡ ಸುಕ್ಕು. ಡಾರ್ಟ್ (ಎದೆಯ ಆಕಾರಕ್ಕೆ ಹಿಡಿದು ಹೊಲಿಯುವ ಮಡಿಕೆ) ಇರುವುದರಿಂದ ಸೀರೆಯ ರವಿಕೆಯ ಹಾಗೆಯೇ ಕಾಣುತ್ತದೆ. ಒಳಲಂಗಕ್ಕೆ ಅರ್ಧ ಇಂಚಿನ ಕರೆಂಟ್ ಪೈಪಿನ ಬಳೆ ಹಾಕಿದ್ದು ಮೊಟ್ಟೆಯಾಕಾರ ಆಗುತ್ತದೆ, ನಡೆದರೆ ಮಂಡಿಗೆ ಬಡಿಯುತ್ತದೆ. ಬೆನ್ನಿನಲ್ಲಿ ಲಾಡಿ ತೂರಿಸುವ ತೂತಿನ ಲೋಹದ ರಿಂಗ್ ಎರಡು ಕಿತ್ತುಬಂದಿವೆ. ಬಟ್ಟೆ ಒಟ್ಟು ಎಷ್ಟು ಬೇಕು? ಹಳೇ ರೇಷ್ಮೆ ಸೀರೆ ಬಳಸಬಹುದಾ? ಎರಡು ದೃಶ್ಯದ ನಡುವೆ ವೇಷ ಬದಲಾಯಿಸಲು ಎರಡೇ ನಿಮಿಷ ಉಂಟು. ತಿಳಿದವರು ದಯವಿಟ್ಟು ಹೇಳಿ.

ಸೂಜಿ_ಮೊನೆ:

ಮೇಲಿನ ಕಪ್ಪು ಬಟ್ಟೆಯನ್ನು ಸದ್ಯ ಬದಿಗಿಡಿ. ಈ ಆಕಾರ ಬರುವುದು ಪೂರ್ತಿ ಒಳಗಿನಿಂದ. ಒಳಬಾಡೀಸ್ ಮತ್ತು ಬಳೆಲಂಗ ಸರಿ ಕೂತರೆ ಮೇಲೆ ಕೋರಾ ಬಟ್ಟೆ ಹೊದಿಸಿದರೂ ಆ ಕಾಲದ ಹೆಂಗಸೇ ಕಾಣುತ್ತಾಳೆ.

ರವಿಕೆಯ ಪ್ಯಾಟರ್ನ್‌ನಿಂದ ಶುರು ಮಾಡಲೇಬೇಡಿ. ಆ ಕಾಲದ ಬಾಡೀಸಿಗೆ ಡಾರ್ಟ್ ಇಲ್ಲ. ಎದೆ ಉಬ್ಬಿ ಕಾಣುವುದಿಲ್ಲ, ಹೆಗಲಿನಿಂದ ಸೊಂಟದ ಎದುರು ಕೆಳಗಿಳಿಯುವ ಚೂಪಿನ ತನಕ ಒಂದೇ ಸಪಾಟು ಇಳಿಜಾರು. ಕೋರಾ ಬಟ್ಟೆಯನ್ನು ಎರಡು ಪದರ ಮಾಡಿ ಕಲಾವಿದೆಯ ಮೈಮೇಲೆಯೇ ಪಿನ್ ಹಾಕಿ ಗುರುತು ಮಾಡಿ. ಹಾಸಿನ ನೂಲು ನಡುಎದೆಯ ಗೆರೆಗೆ ನೇರ ಇರಲಿ. ಬದಿ ಹೊಲಿಗೆಯನ್ನು ಕಂಕುಳ ಕೆಳಗೆ ಇಡದೆ 5 ಸೆಂ.ಮೀ. ಬೆನ್ನಿನ ಕಡೆ ಸರಿಸಿ, ಆಗ ಎದುರಿನಿಂದ ಹೊಲಿಗೆಯೇ ಕಾಣುವುದಿಲ್ಲ. ಸುತ್ತಳತೆ ಎದೆಗೆ 34, ಸೊಂಟಕ್ಕೆ 28, ಅಂದರೆ ಮೈಗಿಂತ 2 ಇಂಚು ಕಡಿಮೆ. ಆ 2 ಇಂಚು ಬೆನ್ನಿನ ಲಾಡಿಯ ಕಡೆ ಸಂದಿಯಾಗಿ ಉಳಿಯಬೇಕು. ಸಂದಿ ಇಲ್ಲದೆ ಅಂಚು ಅಂಚಿಗೆ ಕೂಡಿದರೆ ಮುಂದೆ ಬಿಗಿ ಮಾಡಲು ಜಾಗವೇ ಇರುವುದಿಲ್ಲ. ಬೆವರಿಗೆ ಬಟ್ಟೆ ಹಿಗ್ಗುತ್ತದಲ್ಲ.

ನಿಮ್ಮ ಅಡ್ಡ ಸುಕ್ಕಿಗೆ ಕಾರಣ ಬಹುಶಃ ಎರಡು. ಒಂದು, ಬದಿಯಲ್ಲಿ ಬಾಡೀಸ್ ಉದ್ದವಾಗಿದೆ. ಕೂತಾಗ ಸೊಂಟದ ಮೂಳೆ ಅದನ್ನು ಮೇಲಕ್ಕೆ ನೂಕುತ್ತದೆ. ಬದಿಯಲ್ಲಿ ಸೊಂಟದ ಗೆರೆಗಿಂತ ಅರ್ಧ ಇಂಚು ಮೇಲೆ ಕತ್ತರಿಸಿ, ಚೂಪು ಮಾತ್ರ ಎದುರು 3 ಇಂಚು ಕೆಳಗಿಳಿಯಲಿ. ಎರಡು, ಅಂಟಿಸುವ ಬಕ್ರಂ. ಬೆವರು ಮತ್ತು ಮೈಯ ಬಿಸಿಗೆ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಕೋಟಿಗೆ ಹಾಕುವ ಹೊಲಿಯುವ ಕ್ಯಾನ್ವಾಸ್ ತನ್ನಿ, ಅದರ ಎರಡು ಪದರಕ್ಕೆ ಓರೆ ಟಾಕಿ ಹಾಕಿ. ಉದ್ದುದ್ದ ಸುಕ್ಕು ಕಂಡರೆ ಅಗಲ ಹೆಚ್ಚಾಗಿದೆ ಅಂತ, ಕಂಕುಳಿನಿಂದ ಓರೆಯಾಗಿ ಬಂದರೆ ಹೆಗಲ ಪಟ್ಟಿ ಉದ್ದವಾಗಿದೆ ಅಂತ ತಿಳಿಯಿರಿ.

ಬಾಡೀಸ್ ಸೆಟೆದು ನಿಲ್ಲಲು ಒಳಗೆ ತೂರಿಸುವ ಕಡ್ಡಿ ಎಷ್ಟು ಹಾಕಬೇಕು ಎನ್ನುವುದಕ್ಕೆ ಉಳಿದುಬಂದ ಉಡುಪುಗಳನ್ನು ನೋಡಬೇಕು. 1562ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಡಚೆಸ್ ಎಲಿಯೊನೋರಾಳ ಸಮಾಧಿಯಲ್ಲಿ ಸಿಕ್ಕ ಕೆಂಪು ಮಖಮಲ್ಲಿನ ಒಳಬಾಡೀಸಿನಲ್ಲಿ ಕಡ್ಡಿಯೇ ಇಲ್ಲ, ಮುಂದೆ ಹುಕ್ಕು ಇದೆ. ಕಡ್ಡಿ ತುಂಬಿದ ಬಾಡೀಸ್ ನಮಗೆ ಸಿಗುವುದು 1598ರ ಜರ್ಮನಿಯ ಡೊರೊಥಿಯಾ ಸಬೀನಾಳ ಸಮಾಧಿಯಿಂದ. ಹಾಗಾಗಿ 1568ಕ್ಕೆ ಮೈತುಂಬ ಕಡ್ಡಿ ಬೇಡ. ನಡುಎದೆಯ ಗೆರೆಯ ಎರಡೂ ಬದಿಗೆ ನಾಲ್ಕು ನಾಲ್ಕು, ಬೆನ್ನಿನ ಲಾಡಿ ತೂತಿನ ಎರಡೂ ಬದಿಗೆ ಒಂದೊಂದು, ಅಷ್ಟು ಸಾಕು.

ಸ್ಟೀಲ್ ಪಟ್ಟಿ ನಮ್ಮ ಕರಾವಳಿಗೆ ಆಗುವುದಿಲ್ಲ, ಬೆವರಿನ ಉಪ್ಪಿಗೆ ತುಕ್ಕು ಹಿಡಿದು ಕಪ್ಪು ಬಟ್ಟೆಯಲ್ಲೂ ಕಲೆ ಕಾಣುತ್ತದೆ. 8 ಮಿ.ಮೀ.ನ ಕೇಬಲ್ ಟೈ ಹಾಕಬಹುದು: ತಲೆ ಕತ್ತರಿಸಿ, ತುದಿಯನ್ನು ಉರುಟು ಮಾಡಿ ಉಜ್ಜಿ. ಇನ್ನೂ ಒಳ್ಳೆಯದು ತೆಂಗಿನ ಹಿಡಿಸೂಡಿ ಕಡ್ಡಿ. ಯುರೋಪಿನಲ್ಲೂ ಗಟ್ಟಿ ಹುಲ್ಲಿನ ಕಡ್ಡಿಗಳನ್ನು ಕಟ್ಟುಕಟ್ಟಾಗಿ ತುಂಬುತ್ತಿದ್ದರು. ಹೊಸ ಕಡ್ಡಿ ತೆಗೆದು ತುದಿಯ ತೆಳು ಭಾಗ ಬಿಟ್ಟು ಬುಡದ ಕಡೆಯ 30 ಸೆಂ.ಮೀ. ಮಾತ್ರ ತೆಗೆದುಕೊಳ್ಳಿ. ಹತ್ತು ನಿಮಿಷ ಕುದಿಸಿ ಎರಡು ದಿನ ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಕಡ್ಡಿ ತೂರಿಸುವ ಹೊಲಿಗೆ ಗೂಡಿನೊಳಗೆ ಬೂಸ್ಟು ಬರುತ್ತದೆ. ಮೂರು ನಾಲ್ಕು ಕಡ್ಡಿ ಸೇರಿಸಿ, ಬುಡ ಒಂದು ಮೇಲೆ ಒಂದು ಕೆಳಗೆ ಬರುವಂತೆ ಜೋಡಿಸಿ, ಎರಡೂ ತುದಿಗೆ ದಾರ ಸುತ್ತಿ. ಕಟ್ಟು 5 ಮಿ.ಮೀ. ದಪ್ಪ ಇದ್ದರೆ ಹೊಲಿಗೆ ಗೆರೆಗಳ ನಡುವೆ 9–10 ಮಿ.ಮೀ. ಬಿಡಿ. 5 ಮಿ.ಮೀ. ಅಂತಲೇ ಹೊಲಿದರೆ ಕಡ್ಡಿ ನುಗ್ಗುವುದೇ ಇಲ್ಲ, ಉರುಟು ವಸ್ತು ಬಟ್ಟೆಯನ್ನು ಸುತ್ತಲೂ ತಿನ್ನುತ್ತದೆ.

ಎದುರು ನಡುವೆ ಒಂದು ಬಸ್ಕ್, ಅಂದರೆ ಗಟ್ಟಿ ಪಟ್ಟಿ ಬೇಕು. 30 ಸೆಂ.ಮೀ.ನ ಮರದ ಅಡಿಕೋಲಿನ ಮೂಲೆಗಳನ್ನು ಉರುಟು ಮಾಡಿ, ನಡುಎದೆಯ ಜೇಬಿಗೆ ಕೆಳಗಿನಿಂದ ತೂರಿಸಿ. ಚೂಪಿನ ತುದಿಗಿಂತ 2 ಸೆಂ.ಮೀ. ಮೇಲೆಯೇ ಅದು ನಿಲ್ಲಬೇಕು, ಇಲ್ಲವಾದರೆ ಕೂತಾಗ ಹೊಟ್ಟೆಯ ಬುಡಕ್ಕೆ ಚುಚ್ಚುತ್ತದೆ. ಕಲಾವಿದೆಗೆ ಈಗಲೇ ಹೇಳಿ: ಬೆನ್ನು ಬಗ್ಗಿಸಿ ಕೂರಲು ಆಗುವುದಿಲ್ಲ, ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂರಬೇಕು. ರಿಹರ್ಸಲ್‌ಗೆ ಬಾಡೀಸ್ ಹಾಕಿಕೊಂಡೇ ಬರಲಿ.

ಬೆತ್ತದ_ಬುಟ್ಟಿ, ಮಂಗಳೂರು:

ಬಳೆಲಂಗದ ಬಗ್ಗೆ ನಾನು ಹೇಳುತ್ತೇನೆ. ಬಾಡಿಗೆಯ ಕ್ಯಾನ್‌ಕ್ಯಾನ್ ಒಳಲಂಗ ಗುಮ್ಮಟದ ಹಾಗೆ ಉಬ್ಬುತ್ತದೆ. ಸ್ಪೇನ್, ಪೋರ್ಚುಗಲ್‌ನ ಬಳೆಲಂಗ, ಅಂದರೆ ಫಾರ್ದಿಂಗೇಲ್, ಹಾಗಲ್ಲ, ಸೊಂಟದಿಂದ ನೆಲಕ್ಕೆ ಎಳೆದ ನೇರ ಗೆರೆ. ಮ್ಯಾಡ್ರಿಡ್‌ನಲ್ಲಿ 1580ರಲ್ಲಿ ಅಚ್ಚಾದ ಹ್ವಾನ್ ದೆ ಅಲ್ಸೇಗಾನ ದರ್ಜಿ ಪುಸ್ತಕದಲ್ಲಿ ಇದರ ಕಟಿಂಗ್ ಉಂಟು. ಕೆಳಸುತ್ತು 13 ಗೇಣಿಗಿಂತ ತುಸು ಹೆಚ್ಚು ಅಂತ ಕೊಡುತ್ತಾನೆ. ಅಲ್ಲಿನ ಗೇಣು ಅವರ ವಾರಾ ಎಂಬ ಅಳತೆಯ ಕಾಲು ಭಾಗ, ಸುಮಾರು 21 ಸೆಂ.ಮೀ. ಲೆಕ್ಕ ಹಾಕಿದರೆ 270 ಸೆಂ.ಮೀ. ಆಸುಪಾಸು, ಅಂದರೆ ನೆಲದ ಹತ್ತಿರ 86 ಸೆಂ.ಮೀ. ಅಡ್ಡಗಲ. ಅಷ್ಟೇ. ಇದಕ್ಕಿಂತ ದೊಡ್ಡದು ಬೇಡ, ಗ್ರೀನ್‌ರೂಮಿನ ಬಾಗಿಲಲ್ಲೂ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಅಳತೆಗೆ ಲಂಗದ ಉದ್ದ 95 ಸೆಂ.ಮೀ. ಇಡಿ, ನೆಲದಿಂದ 5 ಬಿಟ್ಟು. ನಾಲ್ಕು ತುಂಡು, ಪ್ರತಿಯೊಂದೂ ಕೆಳಗೆ 68, ಮೇಲೆ 20 ಸೆಂ.ಮೀ., ಹೊಲಿಗೆ ಮಾರ್ಜಿನ್ ಬೇರೆ. 44 ಇಂಚು ಪನ್ನದ (ಅಗಲದ) ಕೋರಾದಲ್ಲಿ ಒಂದನ್ನು ನೇರ, ಇನ್ನೊಂದನ್ನು ತಲೆಕೆಳಗೆ ಇಟ್ಟರೆ ಒಂದು ಉದ್ದದಲ್ಲಿ ಎರಡು ತುಂಡು ಬರುತ್ತದೆ. ಬಳೆ ತೂರಿಸಲು ಬಟ್ಟೆಯಲ್ಲೇ ಮಡಿಕೆ ಹಿಡಿಯುವುದಾದರೆ ಒಂದೊಂದು 4 ಸೆಂ.ಮೀ. ತಿನ್ನುತ್ತದೆ, ಹಾಗಾಗಿ 3 ಮೀಟರ್ ತನ್ನಿ.

ಬಳೆ ಆರು, 15 ಸೆಂ.ಮೀ. ಅಂತರದಲ್ಲಿ. ಕೆಳಗಿನಿಂದ ಮೇಲೆ ಸುತ್ತಳತೆ 270, 240, 209, 179, 148, 118. ಪ್ರತಿ ಮೆಟ್ಟಿಲಿಗೂ 30ರಷ್ಟು ಇಳಿಯುತ್ತದೆ, ಆದ್ದರಿಂದಲೇ ಗೆರೆ ನೇರ ಬರುವುದು. ಕಣ್ಣಂದಾಜಿಗೆ ಬಳೆ ಮಾಡಿದರೆ ನಡುವಿನದು ದೊಡ್ಡದಾಗಿ ಗುಮ್ಮಟವಾಗುತ್ತದೆ, ಸಣ್ಣದಾದರೆ ಗಂಟೆಯಾಕಾರ.

ಪೈಪು ಮೊಟ್ಟೆಯಾಕಾರ ಆಗುವುದು ಜೋಡಣೆಯ ಜಾಗದಲ್ಲಿ ಅದು ಬಾಗದೆ ಉಳಿದ ಕಡೆ ಬಾಗುವುದರಿಂದ. ತೂಕವೂ ಜಾಸ್ತಿ. ಬುಟ್ಟಿ ಹೆಣೆಯುವ 5–6 ಮಿ.ಮೀ. ಬೆತ್ತ ತನ್ನಿ. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಉರುಟಾಗಿ ಬಗ್ಗಿಸಿ ಕಟ್ಟಿ, ನೆರಳಲ್ಲಿ ಪೂರ್ತಿ ಒಣಗಲು ಬಿಡಿ. ಎರಡೂ ತುದಿಯನ್ನು 10 ಸೆಂ.ಮೀ. ಉದ್ದಕ್ಕೆ ಓರೆಯಾಗಿ ಕೆತ್ತಿ, ಒಂದರ ಮೇಲೊಂದು ಕೂರಿಸಿ, ಮೇಣ ಹಚ್ಚಿದ ದಾರ ಬಿಗಿಯಾಗಿ ಸುತ್ತಿ, ಮೇಲೆ ಬಟ್ಟೆಪಟ್ಟಿ ಹೊಲಿಯಿರಿ. ಆಗ ಜೋಡಣೆಯ ಜಾಗದ ದಪ್ಪ ಉಳಿದ ಕಡೆಯಷ್ಟೇ ಇರುತ್ತದೆ. ಜೋಡಣೆ ಎದುರು ಬರಬಾರದು: ಒಂದು ಬಳೆಗೆ ಎಡ ಪಕ್ಕೆ, ಮುಂದಿನದಕ್ಕೆ ಬಲ ಪಕ್ಕೆ. ಬಳೆಗಿಂತ ಬಟ್ಟೆ ಒಂದು ಕೂದಲೆಳೆ ಬಿಗಿ ಇರಬೇಕು. ಬಟ್ಟೆ ಸಡಿಲವಾದರೆ ಬೆತ್ತ ತನ್ನಿಷ್ಟದಂತೆ ತಿರುಗುತ್ತದೆ.

ಮಂಡಿಗೆ ಬಡಿಯುವುದಕ್ಕೆ ಮದ್ದು ಒಳಗಿನ ಲಾಡಿ. ಮೇಲಿನಿಂದ ಮೂರನೇ ಬಳೆಯ ಎರಡೂ ಪಕ್ಕೆಗೆ ಲಾಡಿ ಹೊಲಿದು ತೊಡೆಯ ಹಿಂದೆ ಕಟ್ಟಿದರೆ ಮುಂಭಾಗ ಹೆಚ್ಚು ಮುಂದೆ ಹೋಗುವುದಿಲ್ಲ, ತೂಗುವುದೂ ಕಡಿಮೆ. ಮತ್ತೆ ಹೆಜ್ಜೆ ಸಣ್ಣದಿರಲಿ. ಬಳೆಲಂಗದ ಮೇಲೆ ಇನ್ನೊಂದು ಸಾದಾ ಲಂಗ ಹಾಕಲೇಬೇಕು, ಸ್ಟೇಜಿನ ಪಕ್ಕದ ಲೈಟಿಗೆ ಬಳೆಯ ಗೆರೆಗಳು ಏಣಿಯ ಹಾಗೆ ಎದ್ದು ಕಾಣುತ್ತವೆ.

ರಥಬೀದಿ_ದರ್ಜಿ:

ಬಟ್ಟೆಯ ಲೆಕ್ಕ. 44 ಇಂಚು ಪನ್ನ ಅಂತ ಇಟ್ಟುಕೊಂಡರೆ ಮೇಲಿನ ಲಂಗಕ್ಕೆ 2.3, ಬಾಡೀಸಿಗೆ 1.25, ಒಳತೋಳಿಗೆ 1.5, ನೇತಾಡುವ ತೋಳಿಗೆ 2 ಮೀಟರ್, ಒಟ್ಟು 7. ವೆಲ್ವೆಟ್ ಆದರೆ ತುಂಡುಗಳನ್ನು ತಲೆಕೆಳಗೆ ಇಡುವ ಹಾಗಿಲ್ಲ, ರೋಮದ ದಿಕ್ಕು ಬದಲಾದರೆ ಲೈಟಿಗೆ ಒಂದು ತುಂಡು ಕಪ್ಪು, ಇನ್ನೊಂದು ಬೂದು. ಆಗ ಲಂಗಕ್ಕೇ 4.6, ಒಟ್ಟು ಒಂಬತ್ತೂವರೆ. ರೋಮ ಮೇಲ್ಮುಖವಾಗಿದ್ದರೆ ಕಪ್ಪು ಹೆಚ್ಚು ಗಾಢ ಕಾಣುತ್ತದೆ. ಮೇ ತಿಂಗಳ ಸೆಕೆಗೆ ಪಾಲಿಯೆಸ್ಟರ್ ವೆಲ್ವೆಟ್ ಬೇಡವೇ ಬೇಡ, ಕಲಾವಿದೆ ಒಳಗೆ ಬೇಯುತ್ತಾಳೆ.

ಹಳೇ ಸೀರೆ ಧಾರಾಳ ಬಳಸಿ. ಆ ಕಾಲದ ರೇಷ್ಮೆ ಬಟ್ಟೆಯ ಪನ್ನ ಸಾಮಾನ್ಯವಾಗಿ ಎರಡಡಿಯೊಳಗೆ. ಸೀರೆಯನ್ನು ಉದ್ದಕ್ಕೆ ಸೀಳಿದರೆ ಹೆಚ್ಚುಕಡಿಮೆ ಅದೇ ಅಗಲ, ಹೊಲಿಗೆಗಳೂ ಅಲ್ಲಿನ ಹಾಗೆಯೇ ಬೀಳುತ್ತವೆ. ಆದರೆ ಮಾವಿನಕಾಯಿ, ನವಿಲು ಇರುವ ಸೆರಗು ತೆಗೆದಿಡಿ. ಸಾದಾ ಒಡಲು ಮಾತ್ರ. ಸಣ್ಣ ಜರಿ ಅಂಚನ್ನು ಬಿಡಿಸಿ, ಮೈಯ ನಡುಗೆರೆ ಮತ್ತು ಲಂಗದ ಮುಂದಿನ ಅಂಚಿಗೆ ಪಟ್ಟಿಯಾಗಿ ಹೊಲಿದರೆ ಚಂದ. ಮಡಿಕೆ ಬಿದ್ದಲ್ಲಿ ರೇಷ್ಮೆ ಸವೆದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಸವೆದಿದ್ದರೆ ತೋಳಿಗೂ ಬೇಡ.

ಲಂಗಕ್ಕೆ ಎದುರು ನೆರಿಗೆ ಹಾಕಬೇಡಿ. ನಡು ಬೆನ್ನಿನಲ್ಲಿ ಮಾತ್ರ ಸಣ್ಣ ನೆರಿಗೆ. ಎದುರು ನೆರಿಗೆ ಬಂದರೆ ಕೋನಾಕಾರ ಅಲ್ಲೇ ಕೆಟ್ಟಿತು.

ರಿಂಗ್ ಕಿತ್ತುಬರುವುದು ಪಂಚ್ ಮಾಡುವಾಗ ನೂಲು ಕತ್ತರಿಸಿಹೋಗುವುದರಿಂದ. ಲೋಹದ ರಿಂಗ್ ಬಂದದ್ದೇ 19ನೇ ಶತಮಾನದಲ್ಲಿ. ದಬ್ಬಳದಿಂದ ನೂಲುಗಳನ್ನು ಬದಿಗೆ ಸರಿಸಿ ತೂತು ಮಾಡಿ, ಜೇನುಮೇಣ ಹಚ್ಚಿದ ಜೋಡಿ ದಾರದಿಂದ ಸುತ್ತ ಇಪ್ಪತ್ತು ಟಾಕಿ ಒತ್ತೊತ್ತಾಗಿ ಹಾಕಿ, ಹಾಕುತ್ತಾ ಮತ್ತೆ ಮತ್ತೆ ದಬ್ಬಳ ತೂರಿಸಿ. ತೂತಿನಿಂದ ತೂತಿಗೆ 2.5 ಸೆಂ.ಮೀ. ಎಡಗಡೆಯ ಸಾಲು ಬಲಗಡೆಗಿಂತ ಅರ್ಧ ಅಂತರ ಕೆಳಗಿರಲಿ, ಮೊದಲನೆಯದೂ ಕೊನೆಯದೂ ಮಾತ್ರ ಎದುರುಬದುರು. ಒಂದೇ ಲಾಡಿ ಸುರುಳಿಯಾಗಿ ಹೋಗುತ್ತದೆ. ಶೂ ಲೇಸಿನ ಹಾಗೆ ಅಡ್ಡಡ್ಡ ಹಾಕಿದರೆ ಬಿಗಿ ಮಾಡಲು ಹೊತ್ತು ಬೇಕು, ಸುರುಳಿಯನ್ನು ಒಬ್ಬರು ಒಂದೇ ಕೈಯಲ್ಲಿ ಎಳೆಯಬಹುದು.

ಎರಡು ನಿಮಿಷದ ಬದಲಾವಣೆಗೆ ಒಳಬಾಡೀಸ್, ಬಳೆಲಂಗ ಬಿಚ್ಚಲೇಬೇಡಿ. ಮೇಲಿನ ಬಾಡೀಸಿಗೆ ಮುಂದೆ ಹುಕ್ಕು ಸಾಲು, ಲಂಗಕ್ಕೆ ಬೇರೆ ಸೊಂಟಪಟ್ಟಿ. ಹುಕ್ಕುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಅಂತ ಬದಲಿಸಿ ಹೊಲಿದರೆ ಉಸಿರೆಳೆದಾಗ ಹಾರುವುದಿಲ್ಲ.

ರಂಗಸಜ್ಜು_ಉಡುಪಿ:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ರಫ್ ಬಗ್ಗೆ ಯಾರೂ ಹೇಳಲಿಲ್ಲ. ಗಂಜಿ ಹಾಕಿದರೆ ಎರಡನೇ ಅಂಕಕ್ಕೇ ಜೋತುಬೀಳುತ್ತದೆ. ಒಳಗೆ ಹಾಕುವ ಅಂಗಿ ಹೇಗಿರಬೇಕು?

ಸೂಜಿ_ಮೊನೆ:

ಒಳಅಂಗಿ ಮಲ್ ಬಟ್ಟೆಯದು, ಎರಡು ಹೊಲಿಸಿ. ಬೆವರು ಪೂರ್ತಿ ಹೀರುವುದು ಅದೇ, ಒಗೆಯುವುದೂ ಅದೊಂದನ್ನೇ. ಎಲ್ಲ ಚೌಕ, ಆಯತದ ತುಂಡುಗಳು, ಕಂಕುಳಿಗೆ 12 ಸೆಂ.ಮೀ. ಚೌಕದ ಪಟ್ಟಿ. ಆ ಚೌಕ ಬಿಟ್ಟರೆ ಕೈ ಎತ್ತಿದಾಗ ತೋಳು ಹರಿಯುತ್ತದೆ.

ರಫ್ ಬೇರೆಯೇ ಇರಲಿ, ಕತ್ತುಪಟ್ಟಿಗೆ ಹೊಲಿದು ಹಿಂದೆ ಲಾಡಿ ಕಟ್ಟುವಂತೆ. 38 ಸೆಂ.ಮೀ. ಕತ್ತಿಗೆ 3 ಮೀಟರ್ ಉದ್ದದ ಪಟ್ಟಿ, ಹೊಲಿದಾದ ಮೇಲೆ ಎತ್ತರ 4 ಸೆಂ.ಮೀ. ಸೆಂಟಿಮೀಟರಿಗೊಂದು ಚುಕ್ಕಿ ಹಾಕಿ ಎರಡು ಸಾಲು ಓಟದ ಹೊಲಿಗೆ, ಒಂದರ ಕೆಳಗೆ ಒಂದು ಸರಿಯಾಗಿ ಬರಬೇಕು. ಎಳೆದು ನೆರಿಗೆ ಮಾಡಿ, ಒಂದೊಂದು ನೆರಿಗೆಯನ್ನೂ ಪಟ್ಟಿಗೆ ಟಾಕಿ ಹಾಕಿ. ಗಂಜಿಗೆ ಬೆಳ್ತಿಗೆ ಅಕ್ಕಿಯ ತಿಳಿಯೇ ಆಗಬೇಕು, ಕುಚ್ಚಲಕ್ಕಿಯ ತಿಳಿ ಬಿಳಿ ಬಟ್ಟೆಗೆ ಕೆಂಪು ಛಾಯೆ ಬಿಡುತ್ತದೆ. ಗಾಳಿಯ ತೇವಕ್ಕೆ ಗಂಜಿ ನಿಲ್ಲುವುದಿಲ್ಲ ಅನ್ನುವುದು ನಿಜ. ಅದಕ್ಕೆ ಹೊರ ಅಂಚಿನ ಮಡಿಕೆಯೊಳಗೆ 0.8 ಮಿ.ಮೀ. ಗಾಳದ ನೈಲಾನ್ ದಾರ ತೂರಿಸಿ, ಬಂದರಿನ ಅಂಗಡಿಯಲ್ಲಿ ಸಿಗುತ್ತದೆ. ತುದಿಯನ್ನು ಬೆಂಕಿಗೆ ತೋರಿಸಿ ಗುಂಡು ಮಾಡದಿದ್ದರೆ ಗಲ್ಲಕ್ಕೆ ಚುಚ್ಚುತ್ತದೆ.

ಕಡಲತಡಿ:

ಇತಿಹಾಸದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ನಿರ್ದೇಶಕರಿಗೆ ತಲುಪಿಸಿ. ಪೋರ್ಚುಗಲ್‌ನಿಂದ ಇಲ್ಲಿಗೆ ಹಡಗು ಹತ್ತಿ ಬಂದ ಹೆಂಗಸರು ತೀರಾ ಕಡಿಮೆ. 1510ರಲ್ಲಿ ಗೋವಾ ಹಿಡಿದ ಆಲ್ಬುಕರ್ಕ್ ತನ್ನ ಗಂಡಾಳುಗಳಿಗೆ ಇಲ್ಲಿನ ಹೆಣ್ಣುಗಳನ್ನು ಮದುವೆಯಾಗಲು ಉತ್ತೇಜನ ಕೊಟ್ಟದ್ದು ಅದಕ್ಕೇ. ಹಾಗಾಗಿ ಈ ಪಾತ್ರ ಲಿಸ್ಬನ್‌ನಿಂದ ಬಂದವಳಾ, ಗೋವಾದಲ್ಲೇ ಹುಟ್ಟಿದವಳಾ ಎಂದು ಮೊದಲು ತೀರ್ಮಾನ ಆಗಲಿ. ಲಿಸ್ಬನ್‌ನವಳಾದರೆ ಕಪ್ಪು, ಕತ್ತು ಮುಚ್ಚಿದ ಉಡುಪು ಸರಿಯೇ, ಕಪ್ಪು ಐಬೀರಿಯಾದ ಗತ್ತಿನ ಬಣ್ಣ. ಗೋವಾದವಳಾದರೆ ರಫ್ ತೆಗೆದು, ಹತ್ತಿಯ ತೆಳು ಲಂಗದ ಮೇಲೆ ಇದೇ ಬಾಡೀಸ್ ಹಾಕಬಹುದು, ಬಳೆಲಂಗವೂ ಬೇಕಾಗುವುದಿಲ್ಲ.

ಪ್ರದರ್ಶನ ಮುಗಿದ ಮೇಲೆ ಬಾಡೀಸನ್ನು ಒಳಮೈ ಹೊರಗೆ ಮಾಡಿ ಫ್ಯಾನಿನ ಗಾಳಿಗೆ ಹಾಕಿ, ಬಸ್ಕ್ ತೆಗೆದಿಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ. ಜರಿ ಇರುವಲ್ಲಿಗೆ ನುಸಿಗುಳಿಗೆ ತಾಗಬಾರದು, ಜರಿ ಕಪ್ಪಾಗುತ್ತದೆ. ಗಂಜಿ ಹಾಕಿದ ರಫ್ ಹಾಗೇ ಪೆಟ್ಟಿಗೆಗೆ ಹೋದರೆ ಬೆಳ್ಳಿಹುಳ ತಿನ್ನುತ್ತದೆ. ತೊಳೆದು, ಗಂಜಿ ಪೂರ್ತಿ ಬಿಡಿಸಿ ಒಣಗಿಸಿಯೇ ಇಡಿ.