ಅಪ್ಪ ಅಮ್ಮನ ಜೊತೆ ತೈವಾನ್: ಊಟ, ವೀಸಾ, ರೈಲು, ಚಳಿ – ಪ್ರಶ್ನೋತ್ತರ

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು 8 ದಿನ ತೈವಾನ್‌ಗೆ ಹೋಗೋ ಯೋಚನೆ ಇದೆ. ಇಬ್ಬರಿಗೂ 65 ದಾಟಿದೆ. ನಾವು ಸಸ್ಯಾಹಾರಿಗಳು, ಅಮ್ಮ ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲ. ಊಟಕ್ಕೆ ಏನು ಮಾಡೋದು? ಮನೆಯ ಎಲೆಕ್ಟ್ರಿಕ್ ಕುಕ್ಕರ್ ತಗೊಂಡು ಹೋಗ್ಬಹುದಾ?

ಉತ್ತರ (ಪ್ರವಾಸ ಯೋಜಕರು): ಅಮ್ಮನ ನಿಯಮಕ್ಕೆ ತೈವಾನ್ ಚೆನ್ನಾಗಿ ಒಗ್ಗುತ್ತದೆ, ಹೆದರಬೇಡಿ. ಅಲ್ಲಿನ ಬೌದ್ಧ ಸಸ್ಯಾಹಾರದಲ್ಲಿ ಮಾಂಸ, ಮೀನಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ ಜಾತಿಯ ಘಾಟು ಪದಾರ್ಥಗಳೂ ವರ್ಜ್ಯ. ಸಸ್ಯಾಹಾರ ಎಂದು ಮಾರುವ ಪ್ಯಾಕೆಟ್ ತಿನಿಸಿನ ಮೇಲೆ ಐದರಲ್ಲಿ ಯಾವ ಬಗೆಯದು ಎಂದು ಮುದ್ರಿಸಿರಬೇಕು, ಅದು ಕಾನೂನು. ‘ಛುವಾನ್ ಸು’ ಎಂದಿದ್ದರೆ ಹಾಲು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಒಂದೂ ಇಲ್ಲ. ‘ನೈ ಸು’ದಲ್ಲಿ ಹಾಲು ಮಾತ್ರ ಸೇರಿರುತ್ತದೆ, ನಿಮ್ಮ ಅಮ್ಮನಿಗೆ ಇವೆರಡೂ ಸರಿ. ‘ಡಾನ್ ಸು’ದಲ್ಲಿ ಮೊಟ್ಟೆ, ‘ನೈ ಡಾನ್ ಸು’ದಲ್ಲಿ ಹಾಲು, ಮೊಟ್ಟೆ ಎರಡೂ ಇರುತ್ತವೆ. ಜನ ಎಡವುವುದು ಐದನೆಯ ‘ವು ಶಿನ್ ಸು’ದಲ್ಲಿ. ಇದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಮಾತ್ರವಲ್ಲ, ಹಾಲು, ಮೊಟ್ಟೆಯೂ ಇರಬಹುದು. ‘ನಾವು ಬೆಳ್ಳುಳ್ಳಿ ತಿಂತೀವಲ್ಲ’ ಎಂದು ನೀವು ಮತ್ತು ಅಪ್ಪ ಕಣ್ಣು ಮುಚ್ಚಿ ಕೊಳ್ಳಬೇಡಿ. ಈ ಐದೂ ಹೆಸರುಗಳನ್ನು ಚೀನೀ ಲಿಪಿಯಲ್ಲಿ ದೊಡ್ಡದಾಗಿ ಟೈಪ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು ಮೂವರ ಫೋನಲ್ಲೂ ಇಟ್ಟುಕೊಳ್ಳಿ. ಲೇಬಲ್ ಪಕ್ಕ ಫೋನ್ ಹಿಡಿದು ಹೋಲಿಸಿದರೆ ಸಾಕು. ತೈವಾನ್ ಬಳಸುವುದು ಸಾಂಪ್ರದಾಯಿಕ ಚೀನೀ ಲಿಪಿ, ಅನುವಾದದ ಆ್ಯಪ್‌ನಲ್ಲಿ ಅದನ್ನೇ ಆರಿಸಿ.

ಊಟದ ಮನೆ ಹುಡುಕಲು ಬೋರ್ಡಿನ ಮೇಲೆ ಸ್ವಸ್ತಿಕ ಇದೆಯೇ ನೋಡಿ. ಅದು ಬೌದ್ಧ ಸಸ್ಯಾಹಾರದ ಗುರುತು. ಇಂಥ ಎಷ್ಟೋ ಕಡೆ ತೂಕದ ಲೆಕ್ಕದ ಬಫೆ ಇರುತ್ತದೆ: ತಟ್ಟೆ ಅಥವಾ ಕಾಗದದ ಡಬ್ಬಿಗೆ ಬೇಕಾದ ಪಲ್ಯ, ತೋಫು (ಸೋಯಾ ಪನೀರ್) ಬಡಿಸಿಕೊಳ್ಳಿ, ಕೌಂಟರಿನಲ್ಲಿ ತೂಗಿ ದರ ಹೇಳುತ್ತಾರೆ, ಅನ್ನಕ್ಕೆ ಬೇರೆ ಲೆಕ್ಕ. ಮಾಂಸದ ರೂಪದಲ್ಲಿ ಮಾಡಿದ ಸೋಯಾ ತುಂಡುಗಳಲ್ಲಿ ಕೆಲವಕ್ಕೆ ಮೊಟ್ಟೆಯ ಬಿಳಿ ಸೇರಿಸಿರುತ್ತಾರೆ. ಅದನ್ನು ಬಿಟ್ಟು ಸೊಪ್ಪು, ಕುಂಬಳ, ಅಣಬೆ, ತೋಫುವಿನ ಕಡೆ ಹೋಗಿ.

ಕುಕ್ಕರ್ ಮನೆಯಲ್ಲೇ ಬಿಡಿ. ಅಲ್ಲಿ ಕರೆಂಟು 110 ವೋಲ್ಟ್. ವೋಲ್ಟೇಜ್ ಅರ್ಧಕ್ಕಿಳಿದರೆ ಕಾಯಿಲ್‌ನ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲಿ 700 ವ್ಯಾಟ್ ಕೊಡುವ ಕುಕ್ಕರ್ ಅಲ್ಲಿ ಸುಮಾರು 160 ವ್ಯಾಟ್ ಕೊಡುತ್ತದೆ, ಅನ್ನ ಬೇಯುವುದಿಲ್ಲ. ಅಲ್ಲಿ ಕೊಂಡ 110 ವೋಲ್ಟ್ ಕುಕ್ಕರನ್ನು ಇಲ್ಲಿ ನೇರವಾಗಿ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100–240 ಎಂದಿದ್ದರೆ ಚಪ್ಪಟೆ ಎರಡು ಪಿನ್ನಿನ ಅಡಾಪ್ಟರ್ ಒಂದೇ ಸಾಕು. ಬಿಸಿನೀರು ಬೆರೆಸಿ ತಿನ್ನುವ ಅವಲಕ್ಕಿ, ಉಪ್ಪಿಟ್ಟಿನ ಪ್ಯಾಕೆಟ್ ಒಯ್ಯಿರಿ. ಹಣ್ಣು, ಮಾಂಸದ ಪದಾರ್ಥ, ಇ-ಸಿಗರೇಟ್ ಬೇಡವೇ ಬೇಡ, ದಂಡ ಭಾರಿ.

ಸೇರ್ಪಡೆ (ತೈವಾನ್‌ನ ಶಿಂಚು ನಗರದಲ್ಲಿ ನೆಲೆಸಿರುವ ಸದಸ್ಯರು): ಬಫೆಗಳ ಸಮಯ ಗಮನಿಸಿ. ಮಧ್ಯಾಹ್ನ 11ರಿಂದ ಒಂದೂವರೆ, ಸಂಜೆ 5ರಿಂದ 7. ನಮ್ಮ ಹಾಗೆ ರಾತ್ರಿ ಎಂಟೂವರೆಗೆ ಹೋದರೆ ಪಾತ್ರೆ ತೊಳೆಯುತ್ತಿರುತ್ತಾರೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಅಲ್ಲಿ ತುಂಬಾ ಜನ ಸಸ್ಯಾಹಾರ ಪಾಲಿಸುತ್ತಾರೆ, ನಮ್ಮಲ್ಲಿ ಏಕಾದಶಿ ಇದ್ದ ಹಾಗೆ. ಅವತ್ತು ಬೇಗ ಹೋಗಿ.

ಮಾಮೂಲಿ ನೂಡಲ್ ಅಂಗಡಿಯಲ್ಲಿ ‘ಮಾಂಸ ಹಾಕಬೇಡಿ’ ಎಂದರೆ ತುಂಡು ತೆಗೆದು ಅದೇ ಮೂಳೆ ಸಾರನ್ನು ಸುರಿಯುತ್ತಾರೆ. ಅವರದು ತಪ್ಪಲ್ಲ, ನೀವು ಕೇಳಿದ್ದು ಅಷ್ಟೇ. ‘ವೋ ಛೀ ಸು’, ನಾನು ಸಸ್ಯಾಹಾರ ತಿನ್ನುವವನು, ಅನ್ನಿ. ಆಗ ಕೊಡಬಹುದೋ ಇಲ್ಲವೋ ಅವರೇ ಹೇಳುತ್ತಾರೆ. ರಾತ್ರಿ ಸಂತೆಯ ಸೊಪ್ಪಿನ ಪಲ್ಯಕ್ಕೆ ಹಂದಿಕೊಬ್ಬು ಹಾಕುವುದುಂಟು, ‘ಸ್ಟಿಂಕಿ ತೋಫು’ ಎಂದು ಮಾರುವ ನಾರುವ ತೋಫುವನ್ನು ಸೀಗಡಿ ಸೇರಿದ ಉಪ್ಪುನೀರಿನಲ್ಲಿ ನೆನೆಸುವುದುಂಟು. 24 ಗಂಟೆಯ ಅಂಗಡಿಗಳ ಬಿಸಿ ಪಾತ್ರೆಯಲ್ಲಿ ತೋಫು, ಮೂಲಂಗಿ, ಮೀನಿನುಂಡೆ ಎಲ್ಲ ಒಂದೇ ಸಾರಿನಲ್ಲಿ ಕುದಿಯುತ್ತಿರುತ್ತವೆ. ಅಲ್ಲೇ ಸಿಗುವ ಸುಟ್ಟ ಗೆಣಸು, ಬಾಳೆಹಣ್ಣು, ಸೋಯಾ ಹಾಲು ನಿಶ್ಚಿಂತೆಯಿಂದ ತಿನ್ನಬಹುದು. ಬಬಲ್ ಟೀಯ ಕಪ್ಪು ಮಣಿಗಳು ಮರಗೆಣಸಿನ ಹಿಟ್ಟಿನವು, ಪರವಾಗಿಲ್ಲ. ಅದರ ಮೇಲೆ ಪುಡಿಂಗ್ ಮಾತ್ರ ಹಾಕಿಸಬೇಡಿ, ಮೊಟ್ಟೆ ಅಥವಾ ಜೆಲಾಟಿನ್ ಇರಬಹುದು. ಸಕ್ಕರೆ, ಐಸ್ ಎಷ್ಟು ಎಂದು ಕೇಳುತ್ತಾರೆ. ‘ಅರ್ಧ’ ಎಂದರೂ ನಮಗೆ ಸಿಹಿಯೇ.

ಪ್ರಶ್ನೆ: ನನ್ನ ಹತ್ರ ಅಮೆರಿಕದ ವೀಸಾ ಇದೆ, ಅಪ್ಪ ಅಮ್ಮನಿಗೆ ಇಲ್ಲ. ಒಟ್ಟಿಗೆ ಆನ್‌ಲೈನ್ ಅನುಮತಿ ಸಿಗುತ್ತಾ?

ಉತ್ತರ (ಪ್ರವಾಸ ಯೋಜಕರು): ಇಲ್ಲ, ಅರ್ಹತೆಯನ್ನು ಒಬ್ಬೊಬ್ಬರಿಗೂ ಬೇರೆಯಾಗಿ ನೋಡುತ್ತಾರೆ. ಅಮೆರಿಕ, ಕೆನಡಾ, ಬ್ರಿಟನ್, ಷೆಂಗೆನ್, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವೀಸಾ ಚಾಲ್ತಿಯಲ್ಲಿದ್ದರೆ, ಅಥವಾ ಮುಗಿದು 10 ವರ್ಷದೊಳಗಾಗಿದ್ದರೆ, ಭಾರತೀಯರಿಗೆ ಉಚಿತ ಆನ್‌ಲೈನ್ ಪ್ರವೇಶಪತ್ರದ ಸೌಲಭ್ಯವಿದೆ. ಒಂದು ಸಲಕ್ಕೆ 14 ದಿನ ಇರಬಹುದು. ಅಪ್ಪ ಅಮ್ಮನಿಗೆ ಮಾಮೂಲಿ ಪ್ರವಾಸಿ ವೀಸಾವೇ ಆಗಬೇಕು. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈನಲ್ಲಿರುವ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರಕ್ಕೆ, ಅಂದರೆ ದೂತಾವಾಸದ ಕೆಲಸ ಮಾಡುವ ತೈವಾನ್ ಕಚೇರಿಗೆ. ಅವರಿಬ್ಬರ ವೀಸಾ ಕೈಗೆ ಬರುವ ತನಕ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ.

ಪ್ರಶ್ನೆ: ತೈಪೆ, ಜಿಯುಫೆನ್, ತಾರೋಕೊ ಕಣಿವೆ, ಸನ್ ಮೂನ್ ಲೇಕ್, ಅಲಿಶಾನ್, ತೈನಾನ್, ಕಾವ್‌ಶುಂಗ್. 8 ದಿನಕ್ಕೆ ಆಗುತ್ತಾ?

ಉತ್ತರ (ಪ್ರವಾಸ ಯೋಜಕರು): ಎಲ್ಲವನ್ನೂ ತುರುಕಿದರೆ ಓಡಾಡಿದ್ದಷ್ಟೇ ನೆನಪುಳಿಯುತ್ತದೆ. ತಾರೋಕೊ ಬಿಡಿ. 2024ರ ಏಪ್ರಿಲ್ 3ರ 7.2 ತೀವ್ರತೆಯ ಹುವಾಲಿಯನ್ ಭೂಕಂಪದಲ್ಲಿ ಆ ಕಣಿವೆಯ ರಸ್ತೆ, ಕಾಲುದಾರಿಗಳೆಲ್ಲ ಜಖಂಗೊಂಡವು. ಜಿಯುಫೆನ್ ಅಂದರೆ ಮೆಟ್ಟಿಲುಗಳ ಊರು, ಚಳಿಗಾಲದ ಮಳೆಗೆ ಜಾರುತ್ತದೆ. ಮಂಡಿನೋವು ಇದ್ದವರನ್ನು ಕರೆದೊಯ್ಯಬೇಡಿ.

ಡಿಸೆಂಬರ್‌ನಲ್ಲಿ ಈಶಾನ್ಯದ ಮಾರುತ ಉತ್ತರ ಕರಾವಳಿಗೆ ಬಡಿದು ತೈಪೆ, ಕೀಲುಂಗ್ ಕಡೆ ದಿನಗಟ್ಟಲೆ ಜಡಿಮಳೆ ಹಿಡಿಸುತ್ತದೆ. ನಡುವಿನ ಬೆಟ್ಟಸಾಲು ತಡೆಯುವುದರಿಂದ ನೈಋತ್ಯದ ತೈನಾನ್, ಕಾವ್‌ಶುಂಗ್ ಒಣಗಿ ಬಿಸಿಲಾಗಿರುತ್ತವೆ. ಹಾಗಾಗಿ ತೈಪೆಗೆ ಮೂರು ರಾತ್ರಿ, ಅಲಿಶಾನ್‌ಗೆ ಒಂದು, ಉಳಿದಿದ್ದೆಲ್ಲ ತೈನಾನ್, ಕಾವ್‌ಶುಂಗ್‌ಗೆ ಇರಲಿ. ಸನ್ ಮೂನ್ ಲೇಕ್ ಸುಂದರವೇ, ಆದರೆ ಹೋಗಿಬರಲು ಒಂದು ದಿನ ನುಂಗುತ್ತದೆ.

ಅಲಿಶಾನ್ ಬೆಟ್ಟದ ಪ್ರದೇಶ, ಅಲ್ಲಿನ ರೈಲು ನಿಲ್ದಾಣವೇ 2,216 ಮೀಟರ್ ಎತ್ತರದಲ್ಲಿದೆ. ಬೆಳಗಿನ ಜಾವ ನಾಲ್ಕೈದು ಡಿಗ್ರಿಗೆ ಇಳಿಯಬಹುದು. ಉಣ್ಣೆ ಟೋಪಿ, ಕೈಗವಸು ಬೇಕು. ಸೂರ್ಯೋದಯ ನೋಡುವ ಜಾಗವಾದ ಝುಶಾನ್‌ಗೆ ಹೋಗುವ ರೈಲಿನ ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನವೇ ನಿಲ್ದಾಣದಲ್ಲಿ ವಿಚಾರಿಸಿ ಟಿಕೆಟ್ ತಗೊಳ್ಳಿ. 2009ರ ಮೊರಾಕೋಟ್ ಚಂಡಮಾರುತಕ್ಕೆ ಹಾಳಾಗಿದ್ದ, ಕೆಳಗಿನ ಜಿಯಾಯಿ ನಗರದಿಂದ ಅಲಿಶಾನ್‌ಗೆ ಹತ್ತುವ ಕಾಡಿನ ರೈಲುಹಾದಿ 2024ರ ಜುಲೈನಲ್ಲಿ ಪೂರ್ತಿ ತೆರೆಯಿತು. ಟಿಕೆಟ್ ಬೇಗ ಮುಗಿಯುತ್ತದೆ. ಸಿಗದಿದ್ದರೆ ಜಿಯಾಯಿ ಹೈಸ್ಪೀಡ್ ನಿಲ್ದಾಣದಿಂದ ಬಸ್ಸಿದೆ, ಸುಮಾರು ಎರಡೂವರೆ ಗಂಟೆ. ತಿರುವು ಜಾಸ್ತಿ, ವಾಂತಿಯ ಮಾತ್ರೆ ಹತ್ತುವ ಅರ್ಧ ಗಂಟೆ ಮೊದಲೇ ನುಂಗಬೇಕು.

ಪ್ರಶ್ನೆ: ಹೈಸ್ಪೀಡ್ ರೈಲಲ್ಲಿ ಹಿರಿಯರಿಗೆ ಅರ್ಧ ದರ ಅಂತ ಇದೆಯಲ್ಲ, ತಗೊಳ್ಳಬಹುದಾ?

ಉತ್ತರ (ಪ್ರವಾಸ ಯೋಜಕರು): ಅದು ತೈವಾನ್ ಪ್ರಜೆಗಳಿಗೆ ಮಾತ್ರ. ತಪಾಸಣೆಯಲ್ಲಿ ಗುರುತಿನ ಚೀಟಿ ಕೇಳಿದರೆ ತೊಂದರೆಯಾಗುತ್ತದೆ. ನಿಮಗೆ ಒದಗುವುದು ಮುಂಗಡ ರಿಯಾಯಿತಿ: ಬುಕಿಂಗ್ 28 ದಿನ ಮೊದಲು ತೆರೆಯುತ್ತದೆ, ಮೊದಲು ಕೊಂಡವರಿಗೆ ಹೆಚ್ಚು ಕಡಿತ. ಜಿಯಾಯಿ, ತೈನಾನ್‌ನ ಹೈಸ್ಪೀಡ್ ನಿಲ್ದಾಣಗಳು ಊರಿನ ಹೊರಗಿವೆ. ತೈನಾನ್‌ನಲ್ಲಿ ಇಳಿದು ಪಕ್ಕದ ಶಾಲುನ್ ನಿಲ್ದಾಣದಿಂದ ಲೋಕಲ್ ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ಊರೊಳಗಿರುತ್ತೀರಿ. ಕಾವ್‌ಶುಂಗ್‌ಗೆ ‘ಝುವೋಯಿಂಗ್’ನಲ್ಲಿ ಇಳಿಯಬೇಕು, ಹೈಸ್ಪೀಡ್ ಪಟ್ಟಿಯಲ್ಲಿ ಕಾವ್‌ಶುಂಗ್ ಎಂಬ ನಿಲ್ದಾಣವಿಲ್ಲ.

ಲೋಕಲ್ ರೈಲು, ಮೆಟ್ರೊ, ಬಸ್ಸಿಗೆಲ್ಲ ಈಸಿಕಾರ್ಡ್ (ಮೊದಲೇ ಹಣ ತುಂಬಿಸಿಕೊಳ್ಳುವ ಕಾರ್ಡ್) ಸಾಕು, ತಲೆಗೊಂದು. ಕಾರ್ಡಿನ ಬೆಲೆ 100 ತೈವಾನ್ ಡಾಲರ್. ತೈಪೆಯ ಬಸ್ಸಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ತಾಗಿಸಬೇಕು.

ಪ್ರಶ್ನೆ: ಮೆಟ್ರೊದಲ್ಲಿ ನೀರೂ ಕುಡಿಯಬಾರದಂತೆ, ನಿಜವಾ? ಅಪ್ಪ ಹೊತ್ತಿಗೆ ಸರಿಯಾಗಿ ಬಿಪಿ ಮಾತ್ರೆ ತಗೋಬೇಕು.

ಉತ್ತರ (ಶಿಂಚುವಿನ ಸದಸ್ಯರು): ನಿಜ. ತೈಪೆ ಮೆಟ್ರೊದಲ್ಲಿ ಗೇಟಿನ ಹತ್ತಿರ ನೆಲದ ಮೇಲೆ ಹಳದಿ ಗೆರೆ ಇರುತ್ತದೆ. ಅದನ್ನು ದಾಟಿದ ಮೇಲೆ ನೀರು, ಚೂಯಿಂಗ್ ಗಮ್ ಕೂಡ ಬಾಯಿಗಿಡುವಂತಿಲ್ಲ. ದಂಡ 1,500ರಿಂದ 7,500 ತೈವಾನ್ ಡಾಲರ್. ಮಾತ್ರೆಯನ್ನು ಗೆರೆಯ ಈಚೆಗೇ ಮುಗಿಸಲಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ಮಾತ್ರೆಯ ಹೊತ್ತು ಹೇಗೆ ಬದಲಿಸಬೇಕೆಂದು ಹೊರಡುವ ಮುಂಚೆ ವೈದ್ಯರನ್ನೇ ಕೇಳಿ. ಆಂಬ್ಯುಲೆನ್ಸ್‌ಗೆ 119, ಪೊಲೀಸರಿಗೆ 110. ಎರಡನ್ನೂ ಅಪ್ಪನ ಫೋನಿನಲ್ಲಿ ಉಳಿಸಿಡಿ, ಹೋಟೆಲಿನ ವಿಳಾಸ ಚೀನೀ ಲಿಪಿಯಲ್ಲಿರುವ ಕಾರ್ಡನ್ನು ಅವರ ಜೇಬಿನಲ್ಲಿಡಿ.