ಸಹಾಯ ಬೇಕು: ಅಪ್ಪನಿಗೆ ಕೊಲೊನೊಸ್ಕೋಪಿ ಎಲ್ಲಿ ಮಾಡಿಸೋಣ?

ಎಲ್ಲರಿಗೂ ನಮಸ್ಕಾರ ರೀ. ನಾವು ಗದಗದವರು. ಅಪ್ಪನಿಗೆ 62 ವರ್ಷ. ಮಲ ಪರೀಕ್ಷೆಯಲ್ಲಿ ರಕ್ತದ ಅಂಶ ಇದೆ ಅಂತ ಬಂದಿದೆ. ಕಣ್ಣಿಗೆ ಕಾಣುವಂತೆ ರಕ್ತ ಹೋಗಿಲ್ಲ, ಹೊಟ್ಟೆನೋವೂ ಇಲ್ಲ. ಹಿಮೋಗ್ಲೋಬಿನ್ ಮಾತ್ರ 9ಕ್ಕೆ ಇಳಿದಿದೆ. "ಮೂಲವ್ಯಾಧಿ ಇದ್ದೀತು ಬಿಡು" ಅಂತಾರೆ ಅಪ್ಪ. ಅದರಿಂದಲೂ ಬರಬಹುದು, ನಿಜ. ಆದರೆ ದೊಡ್ಡ ಕರುಳಿನ ಗಂಟಿನಿಂದ, ಕ್ಯಾನ್ಸರ್‌ನಿಂದಲೂ ಬರುತ್ತದೆ ಅಲ್ವಾ? ಪಾಸಿಟಿವ್ ಬಂದ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿಸುತ್ತಾ ಕೂರಬೇಡಿ, ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವ ಪರೀಕ್ಷೆ) ಮಾಡಿಸಿ ಎಂದು ಡಾಕ್ಟರ್ ಹೇಳಿದ್ದಾರೆ.

ಹುಬ್ಬಳ್ಳಿ ಕಿಮ್ಸ್‌ನಲ್ಲೋ ಧಾರವಾಡದ ಎಸ್‌ಡಿಎಂ ಆಸ್ಪತ್ರೆಯಲ್ಲೋ ಮಾಡಿಸಿದವರು ಇದ್ದೀರಾ? ತಾರೀಕು ಬೇಗ ಸಿಗುತ್ತದಾ, ಬಿಪಿಎಲ್ ಕಾರ್ಡ್ ನಡೆಯುತ್ತದಾ, ಖರ್ಚು ಎಷ್ಟು? ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಕರುಳು ಖಾಲಿ ಮಾಡುವ ಔಷಧಿ ಕುಡಿದು ಉಪವಾಸ ಇರಬೇಕಂತೆ, ಅದೇ ಜಾಸ್ತಿ ಚಿಂತೆ. ಶುಗರ್ ಇದ್ದವರು ಹೇಗೆ ಸಂಭಾಳಿಸಿದಿರಿ? ದಯವಿಟ್ಟು ಬೇಗ ಹೇಳಿ.